ಬಿ ಬದಿಯ ಕೊನೆಯ ಸಾಲು

ತಾಲ್ಕಾವಾನೊ ಬಂದರು, ಮೀನುಕಟ್ಟೆಯ ಹಿಂದೆ
ಬೆಲಾರ್ಮಿನೊನ ರೇಡಿಯೊ ರಿಪೇರಿ ಅಂಗಡಿ.
ಶನಿವಾರ ಆರಕ್ಕೆ ಷಟರು ಅರ್ಧ ಇಳಿಸುತ್ತಾನೆ.
ಒಳಗೆ ಬರುವವರು ಬಗ್ಗಿ ಬರಬೇಕು.
ಮೂವತ್ತೆಂಟು ವರ್ಷದಿಂದ ಬಗ್ಗಿಯೇ ಬರುತ್ತೇವೆ,
ಈಗೀಗ ಸೊಂಟ ಹಿಡಿದುಕೊಂಡು.

ಜಗಳ ಗೊತ್ತಿದ್ದದ್ದೇ.
ಮಂಜಿನ ನಾಯಿಗಳು ಎಂಬ ನಮ್ಮ ಬ್ಯಾಂಡು, ಮೂರೇ ಆಲ್ಬಮ್ಮು.
ಡ್ರಮ್ಮಿಗೆ ಮೊದಲನೆಯದು, ಎರಡು ಮಾತಿಲ್ಲ.
ಮೂರನೆಯದಕ್ಕೆ ಸಿಂಥಸೈಜರ್ ಸುರಿದುಬಿಟ್ಟರು;
ಎದೆಲ್ಮಿರಾ ಅದನ್ನು ಕೇಕಿನ ಮೇಲಿನ ಕ್ರೀಮು ಅನ್ನುತ್ತಾಳೆ,
ಹೆಸರೆತ್ತಿದರೆ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಳ್ಳುತ್ತಾಳೆ.
ಗಂಟಲಿನಿಂದ ಕಿರುಚುವುದು ಬೇರೆ, ಹೊಟ್ಟೆಯಿಂದ ಕಿರುಚುವುದು ಬೇರೆ,
ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ಕಿರುಚುವುದೇ ಬೇರೆ
ಎಂದು ಪಾಠ ಮಾಡುತ್ತಾಳೆ.
ನಾನು ಹಡಗುಕಟ್ಟೆಯ ವೆಲ್ಡರು, ಎಡಗಿವಿ ಹೋಗಿದೆ.
ಅಡ್ಡಗೋಡೆಯ ಮೇಲೆ ದೀಪ ಇಡುವುದು ನನ್ನ ಕೆಲಸ.

ಆದರೆ ಎರಡನೆಯದರ ಬಿ ಬದಿ, ಕೊನೆಯ ಹಾಡು, ಕೊನೆಯ ಸಾಲು:
ಅಲ್ಲಿ ಅವನ ದನಿ ಇಳಿಯುತ್ತದೆ.
ಕತ್ತಲಲ್ಲಿ ಕೈಗಂಬಿಯಿಲ್ಲದ ಮೆಟ್ಟಿಲು ಇಳಿದ ಹಾಗೆ,
ಒಂದು, ಇನ್ನೊಂದು, ಇನ್ನೂ ಒಂದು,
ಮನುಷ್ಯನ ಗಂಟಲು ಮುಗಿದ ಮೇಲೂ ಇಳಿಯುತ್ತದೆ.
ಅಭ್ಯಾಸ, ಎನ್ನುತ್ತಾಳೆ ಎದೆಲ್ಮಿರಾ.
ದುಃಖ, ಎನ್ನುತ್ತಾನೆ ಬೆಲಾರ್ಮಿನೊ; ಆ ವರ್ಷ ಯಾರಿಗೆ ಇರಲಿಲ್ಲ?
ಒವಿದಿಯೊ ಏನೂ ಅನ್ನುತ್ತಿರಲಿಲ್ಲ.
ಇಪ್ಪತ್ತರಲ್ಲಿ ಬಸ್ ಡಿಪೋದ ಹಿಂದೆ ನಿಂತು
ಆ ಇಳಿತ ಕಲಿಯಲು ಒಂದು ಚಳಿಗಾಲ ಪೂರ್ತಿ ಹಾಡಿದ.
ಕಲಿತ. ಗಂಟಲಲ್ಲಿ ಗಂಟು ಬಂತು.
ಡಾಕ್ಟರು ಕೊಯ್ದು ತೆಗೆದರು,
ಆಮೇಲೆ ಅವನು ಮಾತಾಡಿದ್ದೆಲ್ಲ ಪಿಸುಮಾತೇ.

ಕಳೆದ ಶನಿವಾರ ಬೆಲಾರ್ಮಿನೊನ ತಂಗಿಯ ಮೊಮ್ಮಗ ಇತಾಲೊ
ವಾಲ್ದಿವಿಯಾದಿಂದ ಎಲ್‌ಪಿ ತಂದ. ಅದೇ ಆಲ್ಬಮ್ಮು.
ನಾವು ಯಾರೂ ಕಣ್ಣಲ್ಲಿ ಕಂಡಿರಲಿಲ್ಲ;
ನಮ್ಮದೆಲ್ಲ ಎದೆಲ್ಮಿರಾಳ ಕ್ಯಾಸೆಟ್ಟು,
ಅದರ ನಕಲು, ನಕಲಿನ ನಕಲು.
ಮುಳ್ಳು ಇಟ್ಟರು. ಕೊನೆಯ ಹಾಡು ಬಂತು, ಕೊನೆಯ ಸಾಲು ಬಂತು.
ಅವನು ನೆಟ್ಟಗೆ ಹಾಡಿದ.
ನೆಲದ ಮೇಲೇ ನಿಂತು ಹಾಡಿ ಮುಗಿಸಿದ.
ಸಾಧಾರಣವಾಗಿತ್ತು.

ಹಾಡು ನಿಂತ ಮೇಲೂ ತಟ್ಟೆ ಸುತ್ತುತ್ತಲೇ ಇತ್ತು.

ಬಹಳ ಹೊತ್ತಿನ ಮೇಲೆ ಎದೆಲ್ಮಿರಾ ಹೇಳಿದಳು:
ಎಂಬತ್ತಾರು. ಕರ್ಫ್ಯೂ. ಸೋದರಮಾವನ ಟೇಪು ಬ್ಯಾಟರಿಯದ್ದು.
ಬ್ಯಾಟರಿ ಸಾಯುವುದರಲ್ಲಿತ್ತು, ಒಲೆಯ ಅಂಚಿಗಿಟ್ಟು ಬೆಚ್ಚಗೆ ಮಾಡಿ ಹಾಕಿದೆ,
ಒಂದು ಬದಿ ತಡೆಯಬಹುದು ಅಂದುಕೊಂಡೆ.
ಬೆಳಗಾಗುವ ಮೊದಲು ಮಾವ ಅದನ್ನು ಒಯ್ಯಬೇಕಿತ್ತು.
ಆಮೇಲೆ ಮರೆತೆ. ನಿಜವಾಗಿಯೂ ಮರೆತೆ.
ನೀವೆಲ್ಲ ಅಷ್ಟು ಚೆನ್ನಾಗಿದೆ ಅಂದಿರಿ.

ಒವಿದಿಯೊ ನಕ್ಕನೋ ಕೆಮ್ಮಿದನೋ,
ನನ್ನ ಎಡಗಡೆ ಕೂತಿದ್ದ, ತಿಳಿಯಲಿಲ್ಲ.

ಹಾಗಾದರೆ ನಿಜವಾದದ್ದು ಯಾವುದು, ಇತಾಲೊ ಕೇಳಿದ.
ಹತ್ತೊಂಬತ್ತು ವರ್ಷದವನು, ಕೇಳುವ ವಯಸ್ಸು.
ಬೆಲಾರ್ಮಿನೊ ಎದ್ದು ಎಲ್‌ಪಿ ತೆಗೆದ, ಕ್ಯಾಸೆಟ್ಟು ಹಾಕಿದ.
ಕೊನೆಯ ಸಾಲು ಇಳಿಯತೊಡಗಿತು.
ಅದರ ಜೊತೆ, ಮೂವತ್ತು ವರ್ಷದಲ್ಲಿ ಮೊದಲ ಸಲ,
ಗಾಳಿಯೇ ಹೆಚ್ಚು ದನಿಯೇ ಕಡಿಮೆಯಾದ ಒಂದು ಗಂಟಲು ಇಳಿಯಿತು.
ಬ್ಯಾಟರಿ ನಿಂತ ಜಾಗದಲ್ಲಿ ನಿಲ್ಲಲಿಲ್ಲ;
ಇನ್ನೂ ಒಂದು ಮೆಟ್ಟಿಲು ಇಳಿದು, ಅಲ್ಲಿ ಕೂತಿತು.
ನಾನು ಬಲಗಿವಿ ಆ ಕಡೆ ತಿರುಗಿಸಿದೆ.

ಹೊರಡುವಾಗ ಎದೆಲ್ಮಿರಾ ಎಲ್‌ಪಿಯ ಬೆಲೆ ಕೇಳಿದಳು.
ಹದಿನೈದು ಸಾವಿರ ಪೆಸೊ, ಅಂದ ಇತಾಲೊ.
ಹತ್ತಕ್ಕೆ ಕೊಡು, ಅಂದಳು,
ಕೊನೆಯಲ್ಲಿ ಒಂದು ದೋಷ ಇದೆ.